ಸೈಕಲ್ಲಿನ ತೂಕ, ಅವ್ವನ ಕೊಸರು

ನಮ್ಮವ್ವ ಯಾವ ವಸ್ತುವನ್ನೂ ತೂಗದೆ ನಂಬಿದವಳಲ್ಲ. ಮಧುವನಹಳ್ಳಿಯ ನಮ್ಮ ಮನೆಯಲ್ಲಿ ರೇಷ್ಮೆಹುಳು ಸಾಕುವುದನ್ನು ಬಿಟ್ಟು ವರ್ಷಗಳಾದರೂ ಗೂಡು ತೂಗುವ ತಕ್ಕಡಿ ಮಾತ್ರ ಇನ್ನೂ ತೊಲೆಗೆ ನೇತಾಡುತ್ತಿದೆ. ನಾನು ಕಾರ್ಬನ್ ಸೈಕಲ್ ತಂದ ದಿನ ಅವಳು ಅದನ್ನು ಎತ್ತಲು ಹೋಗಿ, ಆಗದೆ, ಸೊಂಟ ಹಿಡಿದುಕೊಂಡು ನಿಂತಳು.

"ಕಾರ್ಬನ್ ಅಂದ್ರ ಕಾಪಿ ತಗಿಯೋ ಕಾಗ್ದ ಅಲ್ವಾ? ಕಾಗ್ದ ಇಷ್ಟು ಭಾರ್ವಾ ಕೂಸೇ?"

ನಾನು ಹನೂರು ಕಡೆಯ ಹೈಸ್ಕೂಲೊಂದರಲ್ಲಿ ಆಟದ ಮೇಡಂ. ಮಕ್ಕಳಿಗೆ ದಿನವೂ ದಮ್ಮಿನ ಬಗ್ಗೆ ಭಾಷಣ ಬಿಗಿಯುವವಳು. ನನ್ನ ಸೈಕಲ್ಲನ್ನು ಭಾರ ಎಂದರೆ ಸಿಟ್ಟು ಬರದೆ ಇದ್ದೀತೇ? ಆದರೆ ಅವಳು ಹೇಳಿದ್ದು ನಿಜ. ಚೌಕಟ್ಟೊಂದು ಹಗುರ, ಅದಕ್ಕೆ ಜೋಡಿಸಿದ್ದೆಲ್ಲ ಕಬ್ಬಿಣದ ಸಂಸಾರ.

ಸೈಕಲ್ ತಂದದ್ದು ಶೋಕಿಗಲ್ಲ, ಅವ್ವನ ಹರಕೆಗೆ. ಚಿಕ್ಕಂದಿನಲ್ಲಿ ನನಗೆ ಉಬ್ಬಸ. ರಾತ್ರಿಯೆಲ್ಲ ನನ್ನನ್ನು ಕೂರಿಸಿಕೊಂಡು, ಬೆನ್ನ ಮೇಲೆ ಅಂಗೈ ಇಟ್ಟು, ಉಸಿರು ಹೋಗಿ ಬರುವುದನ್ನು ಕಾಯುತ್ತಿದ್ದಳು. ಕೂಸಿನ ಉಸಿರು ನೆಟ್ಟಗಾದರೆ ವರ್ಷಕ್ಕೊಮ್ಮೆ ತಾಳುಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ನಡೆದೇ ಬರುತ್ತೇನೆಂದು ಹೊತ್ತುಕೊಂಡಳು. ನನ್ನ ಉಸಿರು ನೆಟ್ಟಗಾಯಿತು, ಅವಳು ವರ್ಷ ತಪ್ಪದೆ ನಡೆದಳು. ಈಗ ಮಂಡಿ ಕೈಕೊಟ್ಟಿತ್ತು. ಹರಕೆ ಬಾಕಿ ಉಳಿಯಿತೆಂದು ಅನ್ನವನ್ನೂ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ನಿನ್ನ ಬದಲು ನಾನು ನಡೆಯುತ್ತೇನೆ ಎಂದರೆ, ಉಬ್ಬಸದವಳು ಬೆಟ್ಟ ಹತ್ತಬೇಡ ಎಂಬ ಹಳೇ ಭಯ. ಸೈಕಲ್ಲಿನಲ್ಲಿ ಹೋಗುತ್ತೇನೆ ಎಂದಾಗ ನಕ್ಕೇಬಿಟ್ಟಳು. ಆಗದ ಮಾತು ಎಂದುಕೊಂಡಳೋ ಏನೋ, ಒಂದು ಕರಾರು ಹಾಕಿದಳು.

"ನೆಲಕ್ಕ ಕಾಲು ಮಡಗ್ದಂಗ ಬೆಟ್ಟ ಅತ್ತು. ಆಗ ಅರಕ ಸಂದಂಗ. ಒಂದ್ಸಲ ಕಾಲು ಮಡಗುದ್ಯೋ, ಇಲ್ಲ."

ಅಲ್ಲಿಂದ ಶುರುವಾಯಿತು ನನ್ನ ಸೈಕಲ್ಲಿನ ಉಪವಾಸ. ಕೊಳ್ಳೇಗಾಲದ ಅಂಗಡಿಯವನು ಪ್ರೀತಿಯಿಂದ ಹಾಕಿಕೊಟ್ಟಿದ್ದ ಸ್ಟ್ಯಾಂಡು, ಕ್ಯಾರಿಯರ್ ಮೊದಲು ಹೋದವು. ಟ್ಯೂಬುಗಳನ್ನು ಕಿತ್ತು, ಪಂಕ್ಚರನ್ನು ತಾನೇ ಮುಚ್ಚುವ ಹಾಲಿನಂಥ ದ್ರವವನ್ನು ಟೈರಿನೊಳಗೆ ಸುರಿದೆ. ಚಕ್ರ ಬದಲಾಯಿತು. ಅದೇ ದೊಡ್ಡ ಗೆಲುವು, ತಿರುಗುವ ಕಡೆ ಇಳಿದ ಭಾರ ತೊಡೆಗೆ ತಕ್ಷಣ ಗೊತ್ತಾಗುತ್ತದೆ. ಮುಂದಿನ ಹಲ್ಲುಚಕ್ರ ಮೂರಿದ್ದದ್ದು ಒಂದೇ ಆಯಿತು. ಹ್ಯಾಂಡಲ್, ಸೀಟು, ಮುಂದಿನ ಫೋರ್ಕ್ ಎಲ್ಲಕ್ಕೂ ಹಗುರವಾದ ಸವತಿಯರು ಬಂದರು. ಒಂದೊಂದು ಸಾಮಾನು ಬದಲಾದಾಗಲೂ ಸೈಕಲ್ಲನ್ನು ಗೂಡಿನ ತಕ್ಕಡಿಗೆ ನೇತುಹಾಕುತ್ತಿದ್ದೆ. ಹದಿನಾಲ್ಕು ಕಿಲೋ ಇದ್ದದ್ದು ಹತ್ತೂವರೆಗೆ ಬಂತು. ಅವ್ವನಿಗೆ ಇದು ಅರ್ಥವೇ ಆಗಲಿಲ್ಲ. ಜೀವನವಿಡೀ ತೂಕ ಏರಲಿ ಎಂದು ಹುಳುವಿಗೆ ಸೊಪ್ಪು ಹಾಕಿದವಳು. ತೂಕ ಇಳಿದಿದ್ದಕ್ಕೆ ಕುಣಿಯುವ ಮಗಳನ್ನು ನೋಡಿ ಹಣೆ ಚಚ್ಚಿಕೊಂಡಳು.

ಹುಮ್ಮಸ್ಸಿನಲ್ಲಿ ಒಂದು ಭಾನುವಾರ ಹೇಳದೆ ಕೇಳದೆ ಹೋಗಿ ಬೆಟ್ಟ ಹತ್ತಿ ನೋಡಿದೆ. ದಮ್ಮು ಕುಂದಲಿಲ್ಲ, ತೊಡೆಯೂ ಸೋಲಲಿಲ್ಲ. ಆದರೆ ಮೇಲಿನ ಒಂದು ಕಡಿದಾದ ತಿರುವಿನಲ್ಲಿ, ಏರು ಹೆಚ್ಚಿದ್ದ ಒಳಬದಿಗೆ ಬಂದು ಜೋರಾಗಿ ತುಳಿದೆ ನೋಡಿ, ಹಗುರಾದ ಮುಂದಿನ ಚಕ್ರ ಪುಸಕ್ಕನೆ ಮೇಲೆದ್ದಿತು. ಕಾಲು ನೆಲಕ್ಕೆ ಬಿತ್ತು. ಮನೆಗೆ ಬಂದು ರಸ್ತೆಯನ್ನು ಬೈದೆ.

"ಕುಣೀನಾರ್ದವ್ಳು ನೆಲ ಡೊಂಕು ಅಂದ್ಲಂತ" ಎಂದಳು ಅವ್ವ.

ಹರಕೆಯ ದಿನ ಬೆಳಿಗ್ಗೆ ಕೊನೆಯ ಸಲ ತೂಗಿದೆ. ಹತ್ತೂವರೆ, ಕೂದಲಷ್ಟೂ ಹೆಚ್ಚಿಲ್ಲ. ಅಷ್ಟರಲ್ಲಿ ಅವ್ವ ಬಟ್ಟೆಚೀಲವೊಂದನ್ನು ತಂದು ಹ್ಯಾಂಡಲ್ಲಿಗೆ ಬಿಗಿದು ಕಟ್ಟತೊಡಗಿದಳು. ಒಳಗೆ ಎರಡು ತೆಂಗಿನಕಾಯಿ, ಅಕ್ಕಿ, ಒಂದು ಅಚ್ಚು ಬೆಲ್ಲ. ನನಗೆ ಅಳುವೇ ಬಂತು.

"ಅವ್ವಾ, ಒಂದೊಂದು ಗ್ರಾಮಿಗೂ ನಾನು ಸಾಯ್ತಿದ್ದೀನಿ! ನೀನು ಬಸ್ಸಲ್ಲಿ ತಗೊಂಡು ಬಾ."

"ಮಾದಪ್ಪನತ್ರ ಬರಿಗೈಲಿ ಓದರಾ? ಅರಕ ಒತ್ತೋರೇ ತಕಂಡೋಗ್ಬೇಕು. ತೂಕ ಅಂದ್ಮೇಲ ಕೊಸರು ಬ್ಯಾಡ್ವಾ?"

ಕೊಸರು ಅವಳ ಹುಟ್ಟುಗುಣ. ಬಾಗಿಲಲ್ಲಿ ಅವರೆಕಾಯಿ ಅಳೆದು ಕೊಟ್ಟರೂ ತಕ್ಕಡಿ ಸಮವಾದ ಮೇಲೆ ಇನ್ನೊಂದು ಹಿಡಿ ಹಾಕದೆ ಕಳಿಸಿದವಳಲ್ಲ. ವಾದ ಮಾಡಿ ಗೆಲ್ಲುವ ಜಾಗವಲ್ಲ ಅದು. ಕಟ್ಟಿಸಿಕೊಂಡು ಹೊರಟೆ.

ತಾಳುಬೆಟ್ಟದಿಂದ ಪೆಡಲ್ಲಿನ ಮೇಲಿಟ್ಟ ಕಾಲು ತೆಗೆಯಲಿಲ್ಲ. ಚೀಲ ಅತ್ತಿತ್ತ ತೂಗಿದಾಗೆಲ್ಲ ಅವ್ವನನ್ನು ಬೈದುಕೊಂಡೆ. ನಡೆದು ಹತ್ತುತ್ತಿದ್ದವರು "ಉಘೇ ಮಾದಪ್ಪ" ಎಂದು ಕೂಗಿದರೆ ತಿರುಗಿ ಕೂಗಲು ಉಸಿರಿರಲಿಲ್ಲ, ತಲೆಯಾಡಿಸಿದೆ. ಅದೇ ತಿರುವು ಬಂತು. ಎದುರಿಗೆ ಬಸ್ಸು ಇಳಿಯುತ್ತಿತ್ತು, ಒಳಬದಿಯೇ ಗತಿ. ಹಲ್ಲು ಕಚ್ಚಿ ತುಳಿದೆ. ಮುಂದಿನ ಚಕ್ರ ಈಗ ಎದ್ದೀತು, ಈಗ ಎದ್ದೀತು ಎಂದು ಕಾದೆ. ಏಳಲಿಲ್ಲ. ಎರಡು ತೆಂಗಿನಕಾಯಿ ಅದನ್ನು ನೆಲಕ್ಕೆ ಒತ್ತಿ ಹಿಡಿದಿದ್ದವು. ತಿರುವು ದಾಟಿದ ಮೇಲೆ ಒಬ್ಬಳೇ ಗಹಗಹಿಸಿ ನಕ್ಕೆ. ತಿಂಗಳುಗಟ್ಟಲೆ ನಾನು ಇಳಿಸಿದ್ದಕ್ಕೆ ಅವ್ವ ಒಂದು ಗಂಟು ಹಾಕಿ ಲೆಕ್ಕ ಸರಿಮಾಡಿದ್ದಳು!

ಮೊದಲ ಬಸ್ಸಿಗೇ ಬಂದಿದ್ದ ಅವ್ವ ಮೇಲೆ ಬಸ್ ಸ್ಟ್ಯಾಂಡಿನ ಅಂಚಿನಲ್ಲಿ ನಿಂತಿದ್ದಳು. ಅವಳ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಕಾಲಿನ ಮೇಲಿತ್ತು.

"ಮಡಗುದ್ಯಾ?"

"ಇಲ್ಲ!"

"ಸಾಕು ಇಳೀ ಕೂಸೇ, ಬಂದುಬುಟ್ಟೆ!"

"ಕೊಸರು ಬೇಡ್ವಾ ಅವ್ವಾ?" ಎಂದು ಕೂಗಿ, ಅವಳ ಸುತ್ತ ಇನ್ನೊಂದು ಸುತ್ತು ಹೊಡೆದೆ. ಜನ ನಿಂತು ನೋಡಿದರು, ನೋಡಲಿ. ಅಷ್ಟು ಖುಷಿ ನನಗೆ ಯಾವ ಪದಕದಲ್ಲೂ ಆಗಿರಲಿಲ್ಲ.

ಇಳಿದೆ. ಅವ್ವ ಸೈಕಲ್ಲನ್ನು ಒಂದೇ ಕೈಯಲ್ಲಿ ಹಿಡಿದು ಗೋಡೆಗೆ ಒರಗಿಸಿದಳು. ಆಮೇಲೆ ನನ್ನ ಬೆವೆತ ಬೆನ್ನಿನ ಮೇಲೆ ಅಂಗೈ ಇಟ್ಟು, ಚಿಕ್ಕಂದಿನಲ್ಲಿ ಇಡುತ್ತಿದ್ದ ಹಾಗೆಯೇ, ಕಾದು ನಿಂತಳು. ಉಸಿರು ಏರಿತು, ಇಳಿಯಿತು, ಎಲ್ಲೂ ತಡೆಯಲಿಲ್ಲ.

"ಸಂದೋಯ್ತು" ಎಂದಳು.