ಎರಡೂ ಹೆಣ್ಣು ಗಿನಿಪಿಗ್

ನೋಡಿ ಗೆಳೆಯರೇ, ಇವತ್ತು ನನ್ನ ಇಬ್ಬರು ಹೆಣ್ಣುಮಕ್ಕಳಿಗೆಂದು ಗಂಗಾವತಿಯಿಂದ ಎರಡು ಗಿನಿಪಿಗ್ ತಂದೆ. ಎರಡೂ ಹೆಣ್ಣು. "ಎರಡು ಗಂಡು ಒಂದ ಪಂಜರದಾಗ ಇಟ್ರ ಕಚ್ಚಾಡ್ತಾವ್ರಿ ಅಕ್ಕಾರ, ಹೆಣ್ಣು ಹೊಂದ್ಕೊಂಡು ಇರ್ತಾವ" ಎಂದು ಅಂಗಡಿಯವನೇ ಹೇಳಿದ್ದ.

ಮನೆಗೆ ಬಂದರೆ ದೊಡ್ಡವ್ವ ಹಾಜರು. ಹುಲಿಗೆಮ್ಮನ ದರ್ಶನ ಮುಗಿಸಿ, ಹಣೆತುಂಬಾ ಭಂಡಾರ ಹಚ್ಚಿಕೊಂಡು ಬಂದಿದ್ದಳು. ಪಂಜರದೊಳಗೆ ಇಣುಕಿ, ಮಕ್ಕಳ ಎದುರಿಗೇ, "ಅಯ್ಯ, ಇವೂ ಎರಡೂ ಹೆಣ್ಣೇನ? ಮನ್ಯಾಗ ಇರೋವು ಸಾಲಲಿಲ್ಲೇನ ಯವ್ವಾ?" ಅಂದಳು. ಕೊತ್ತಂಬರಿ ತಿನ್ನಿಸುತ್ತಿದ್ದ ಸಣ್ಣವಳ ಕೈ ಅಲ್ಲೇ ನಿಂತಿತು. ನನಗೆ ಮೈ ಉರಿದುಹೋಯಿತು.

ದೊಡ್ಡವ್ವನ ಇಬ್ಬರು ಗಂಡುಮಕ್ಕಳು ಜಗಳಾಡಿ, ಪಡಸಾಲೆಯ ನಡುವೆ ಗೋಡೆ ಎಬ್ಬಿಸಿಕೊಂಡಿದ್ದಾರೆ. ಅಂಗಡಿಯವನ ಮಾತನ್ನು ಅವಳಿಗೂ ಹೇಳಿದೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದಳು.

ನಾನು ಹೇಳಿದ್ದು ಗಿನಿಪಿಗ್ ವಿಷಯವನ್ನಷ್ಟೇ.