‘ಎಣ್ಣೆ’ ಅಂದ ಒಂದು ಮಾತು

ಅರಸೀಕೆರೆಯ ತನ್ನ ಶೆಡ್ಡಿನಲ್ಲಿ ಕಾರಿನ ಕೆಳಗೆ ಅಂಗಾತ ಮಲಗಿದಾಗಲೆಲ್ಲ ದ್ಯಾವಯ್ಯನಿಗೆ ಹಳೇಬೀಡಿನ ಕೆರೆ ಕಾಣುತ್ತಿತ್ತು. ಅವನ ಅಪ್ಪ ಆ ಕೆರೆಯ ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು, ಸಾಕೆನಿಸಿದಾಗ ಇಳಿಸುವುದು ಆತನ ಕೆಲಸ. ಚಿಕ್ಕಂದಿನಲ್ಲಿ ಬೆಳಗಿನ ಮಂಜಿನೊಳಗೆ ಅಪ್ಪನ ಹಿಂದೆ ಏರಿಯ ಮೇಲೆ ನಡೆಯುತ್ತಿದ್ದ ದ್ಯಾವಯ್ಯನಿಗೆ ಮುಂದೆ ಬ್ರೇಕು ಅರ್ಥವಾದದ್ದೂ ಹಾಗೆಯೇ. ಬಾನೆಟ್ಟಿನ ಕೆಳಗಿನ ಪುಟ್ಟ ಡಬ್ಬಿಯೇ ಕೆರೆ. ಅದರ ತಳದಲ್ಲಿರುವ ಸೂಜಿಮೊನೆಯಷ್ಟು ತೂತು ತೂಬು. ನಾಲ್ಕು ಚಕ್ರಗಳಿಗೆ ಹೋಗುವ ಪೈಪುಗಳು ಕಾಲುವೆ. ಒಂದೇ ವ್ಯತ್ಯಾಸವೆಂದರೆ, ಪೆಡಲ್ ಒತ್ತಿದಾಗ ಹೋದದ್ದು ಬಿಟ್ಟಾಗ ಹಿಂದಕ್ಕೆ ಬರಬೇಕು.

೧೯೯೮ರ ಡಿಸೆಂಬರಿನಲ್ಲಿ ಒಂದು ಕಾರಿನಲ್ಲಿ ಅದು ಹಿಂದಕ್ಕೆ ಬರುತ್ತಿರಲಿಲ್ಲ. ಗಂಡಸಿ ಊರಿನ ತೆಂಗಿನ ತೋಟದ ಗಂಗಾಧರಯ್ಯನವರ ಹಳೆಯ ಫಿಯೆಟ್ ಕಾರು ಅದು. ಓಡಿಸುತ್ತಿದ್ದವಳು ಮಗಳು ಸ್ವಾತಿ. ಅರಸೀಕೆರೆಯ ಶಾಲೆಯೊಂದರಲ್ಲಿ ಟೀಚರ್. ದಿನಾ ಬೆಳಿಗ್ಗೆ ಅರ್ಧ ದಾರಿಗೆ ಕಾರು ಭಾರವಾಗುತ್ತಿತ್ತು, ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಮಧ್ಯಾಹ್ನ ದ್ಯಾವಯ್ಯ ಜಾಕ್ ಹಾಕಿ ನೋಡಿದರೆ ಚಕ್ರ ಒಂದೇ ಬೆರಳಿಗೆ ತಿರುಗುತ್ತಿತ್ತು. ಹೀಗೆ ಮೂರು ಸಲ ಆಯಿತು. “ಈ ಭಾನುವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ಗುಜರಿಗೆ ಹಾಕ್ತೀನಿ. ಬ್ರೇಕ್ ನಂಬಕ್ಕಾಗದ ಗಾಡಿಲಿ ಮಗಳನ್ನ ಕಳಿಸಲ್ಲ,” ಎಂದಿದ್ದರು ಗಂಗಾಧರಯ್ಯ. ಕಾರು ಹೋದರೆ ಸ್ವಾತಿಯ ಕೆಲಸವೂ ಹೋದ ಹಾಗೆ. ಮೊದಲ ಬಸ್ಸು ಹಿಡಿದರೂ ಶಾಲೆಯ ಮೊದಲ ಗಂಟೆಗೆ ತಲುಪುವಂತಿರಲಿಲ್ಲ.

“ಯಾವಾಗ ಸರಿಯಾಗಿರತ್ತೆ ಟೀಚರಮ್ಮ?” ಎಂದು ದ್ಯಾವಯ್ಯ ಶುಕ್ರವಾರ ಕೇಳಿದ.

“ಬಿಸಿಲೇರಿದ ಮೇಲೆ.”

“ಹಂಗಾದ್ರೆ ನಾನು ಬಿಸಿಲಲ್ಲಿ ನೋಡಿದ್ದೇ ತಪ್ಪು. ನಾಳೆ ಚಳಿಲೇ ಬತ್ತೀನಿ.”

ಶನಿವಾರ ಆರು ಗಂಟೆಗೆ ಅವನ ಲೂನಾ ಗಂಡಸಿ ಸೇರಿದಾಗ ತೋಟದ ಮರಗಳಿಗೆ ಬುಡವಿರಲಿಲ್ಲ. ಗರಿಗಳು ಮಾತ್ರ ಮಂಜಿನ ಮೇಲೆ ತೇಲುತ್ತಿದ್ದವು. ಗಂಗಾಧರಯ್ಯ ಬಚ್ಚಲೊಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ಶಾಖಕ್ಕೆ ಹಿಡಿದಿದ್ದರು.

“ಏನಯ್ಯ, ಗಾಡಿ ರಿಪೇರಿ ಮಾಡ್ತೀಯೋ, ಅದರ ಜಾತಕ ಬರೀತೀಯೋ?”

“ಹುಟ್ಟಿದ ಗಳಿಗೆ ಸಿಕ್ರೆ ಜಾತಕಾನೂ ಬರೀಬೋದು, ಯಜಮಾನ್ರೆ.”

ದ್ಯಾವಯ್ಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ವಾತಿ ಕಾರು ಹೊರಡಿಸಿದಳು. ರಸ್ತೆ ಕಾಣುತ್ತಿರಲಿಲ್ಲ, ಕಾರು ರಸ್ತೆಯನ್ನು ತಾನೇ ನೆನೆಸಿಕೊಳ್ಳುತ್ತ ಹೋಗುತ್ತಿರುವಂತಿತ್ತು. ಕಿಟಕಿಯಾಚೆ ಮರಗಳು ಸದ್ದಿಲ್ಲದೆ ಹುಟ್ಟಿ ಸದ್ದಿಲ್ಲದೆ ಕರಗುತ್ತಿದ್ದವು. ದ್ಯಾವಯ್ಯನಿಗೆ ತಾನು ಏರಿಯ ಮೇಲಿದ್ದೇನೆ, ಮುಂದೆ ಅಪ್ಪ ನಡೆಯುತ್ತಿದ್ದಾನೆ ಅನ್ನಿಸಿತು. ನಾಲ್ಕೈದು ಸಲ ಬ್ರೇಕ್ ಒತ್ತಿದ ಮೇಲೆ ಕಾರು ಕೆಸರಿಗಿಳಿದ ಎಮ್ಮೆಯ ಹಾಗೆ ನಿಂತಿತು.

ಅವನು ಇಳಿದು ನಾಲ್ಕು ಚಕ್ರಗಳ ಹತ್ತಿರವೂ ಅಂಗೈಯ ಹಿಂಬದಿ ಹಿಡಿದ. ನಾಲ್ಕೂ ಒಂದೇ ಸಮ ಬಿಸಿ. ಒಂದು ಚಕ್ರ ಮಾತ್ರ ಬಿಸಿಯಾಗಿದ್ದರೆ ತೊಂದರೆ ಆ ಚಕ್ರದ್ದು. ನಾಲ್ಕೂ ಆದರೆ ಮೂಲದ್ದು. ಮುಂದಿನ ಚಕ್ರವೊಂದನ್ನು ಜಾಕಿನ ಮೇಲೆ ಎತ್ತಿ, ಅದರ ಹಿಂದಿನ ಗಾಳಿ ತೆಗೆಯುವ ನಟ್ಟನ್ನು ಅರ್ಧ ಸುತ್ತು ಸಡಿಲಿಸಿದ. ಒಳಗಿದ್ದದ್ದು ಚಿರ್ರನೆ ಚಿಮ್ಮಿತು, ಚಕ್ರ ಹಗುರಾಗಿ ತಿರುಗಿತು. ಅಂದರೆ ಹೋದದ್ದು ವಾಪಸ್ ಬರಲಾರದೆ ಅಲ್ಲೇ ಸಿಕ್ಕಿಕೊಂಡಿತ್ತು.

“ತೂಬು ಕಟ್ಕೊಂಡೈತೆ,” ಎಂದ.

ಬಾನೆಟ್ ಎತ್ತಿ ಡಬ್ಬಿಯ ಮುಚ್ಚಳ ತಿರುಗಿಸಿದ. ಒಳಗೆ ಬೆಳ್ಳಗೆ, ಬೆಣ್ಣೆಯಂತೆ ಏನೋ ಹೆಪ್ಪುಗಟ್ಟಿತ್ತು. ಬೆರಳಲ್ಲಿ ತೆಗೆದು ಮೂಗಿಗೆ ಹಿಡಿದ. ಚಳಿಗಾಲದ ಬೆಳಗುಗಳಲ್ಲಿ ಅವ್ವ ತಲೆ ನೇವರಿಸಿದಾಗಿನ ವಾಸನೆ. ಕ್ಷಣಹೊತ್ತು ಹಾಗೆಯೇ ಕಣ್ಣು ಮುಚ್ಚಿಕೊಂಡ. ಆಮೇಲೆ ಬಚ್ಚಲೊಲೆ ನೆನಪಾಯಿತು.

ಉಳಿದ ಮೂರು ಚಕ್ರಗಳನ್ನೂ ಹಾಗೆಯೇ ಬಿಡಿಸಿ, ಪೆಡಲ್ ಮುಟ್ಟದೆ ಮೊದಲ ಗೇರಿನಲ್ಲಿ, ಕೈಬ್ರೇಕಿನ ಮೇಲೆ ಕೈಯಿಟ್ಟುಕೊಂಡೇ ಮನೆಗೆ ಬಂದರು. ದ್ಯಾವಯ್ಯ ಬೆರಳು ಚಾಚಿ ತೋರಿಸಿದ. “ಯಜಮಾನ್ರೆ, ಇದು ನಿಮ್ಮ ಬಾಟ್ಲಿದಾ?”

ಗಂಗಾಧರಯ್ಯ ಬಾಗಿ ನೋಡಿದರು. “ನಮ್ಮ ಗಾಣದ ಕೊಬ್ಬರಿ ಎಣ್ಣೆನೇ. ಕಮ್ಮಿಯಾದಾಗೆಲ್ಲ ಹಾಕ್ತಾ ಇದೀನಿ. ದೀಪಾವಳಿಲಿ ನೀನೇ ಹೇಳಿದ್ದಲ್ವೇನಯ್ಯ, ಎಣ್ಣೆ ಇಳಿದ್ರೆ ಹಾಕಿ ಅಂತ?”

“ಬ್ರೇಕ್ ಎಣ್ಣೆ ಅಂದಿದ್ದೆ.”

“ಎಣ್ಣೆ ಅಂದೆ. ಅಂಗಡೀದಕ್ಕಿಂತ ಮನೇದು ಮೇಲು ಅಂತ ಹಾಕ್ದೆ. ಮಗಳು ಓಡಾಡೋ ಗಾಡಿ.”

ದ್ಯಾವಯ್ಯ ಬೆರಳು ಒರೆಸಿಕೊಂಡ. ಇಪ್ಪತ್ತು ವರ್ಷಗಳಿಂದ ಅವನು ಅದನ್ನು ಎಣ್ಣೆಯೆಂದೇ ಕರೆದಿದ್ದ. ಅದು ಎಣ್ಣೆಯಲ್ಲ, ಚಳಿಗೆ ಗಟ್ಟಿಯಾಗದ ಬೇರೆಯೇ ದ್ರವ ಎಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೇಳಿರಲಿಲ್ಲ.

“ತಪ್ಪು ನನ್ನ ಬಾಯಿದು,” ಎಂದ. “ಆದ್ರೆ ಒಂದು ಮಾತು. ಕಲಬೆರಕೆ ಆಗಿದ್ರೆ ಇಷ್ಟು ಚೆನ್ನಾಗಿ ಹೆಪ್ಪುಗಟ್ತಿರಲಿಲ್ಲ.”

ಸ್ವಾತಿ ಮುಖ ತಿರುಗಿಸಿಕೊಂಡು ನಕ್ಕಳು. ಗಂಗಾಧರಯ್ಯನವರು ನಗಬೇಕೋ ನಾಚಬೇಕೋ ತಿಳಿಯದೆ ಬಾಟಲಿಯನ್ನು ಬೆನ್ನ ಹಿಂದೆ ಹಿಡಿದರು.

ಇಡೀ ದಿನ ದ್ಯಾವಯ್ಯ ಕಾಲುವೆ ತೊಳೆದ. ಪೈಪುಗಳೊಳಗೆ ಸ್ಪಿರಿಟ್ ಹಾಯಿಸಿದ. ನೆನೆದ ಅವರೆಕಾಳಿನಂತೆ ಉಬ್ಬಿದ್ದ ರಬ್ಬರುಗಳನ್ನೆಲ್ಲ ಕಿತ್ತು ಹೊಸವನ್ನು ಕೂರಿಸಿದ. ಹೊಸ ದ್ರವ ತುಂಬಿ, ಒಂದೊಂದೇ ಚಕ್ರದಿಂದ ಗಾಳಿ ತೆಗೆದ.

ಭಾನುವಾರ ಬೆಳಿಗ್ಗೆ ಅದೇ ಮಂಜು, ಅದೇ ರಸ್ತೆ. ಈ ಸಲ ಗಂಗಾಧರಯ್ಯ ಹಿಂದಿನ ಸೀಟಿನಲ್ಲಿದ್ದರು. ಹತ್ತು ಸಲ ಬ್ರೇಕ್ ಒತ್ತಿದ ಮೇಲೆ ದ್ಯಾವಯ್ಯ ಇಳಿದು ನಾಲ್ಕು ಚಕ್ರಗಳನ್ನೂ ಮುಟ್ಟಿದ. ಏರಿಯ ಕಲ್ಲಿನ ಹಾಗೆ ತಣ್ಣಗಿದ್ದವು.

“ಇನ್ಮೇಲೆ ಇದನ್ನ ಬ್ರೇಕ್ ನೀರು ಅಂತೀನಿ,” ಎಂದ.

“ನೀರು ಅಂದ್ರೆ ನೀರೇ ಹಾಕ್ತಾರೆ ಕಣಯ್ಯ,” ಎಂದರು ಗಂಗಾಧರಯ್ಯ. “ನಾನೇ ಹಾಕ್ತೀನಿ.”

ದ್ಯಾವಯ್ಯ ಯೋಚಿಸಿದ. ಆಮೇಲೆ ಮನೆಗೆ ಬಂದು ಬಾನೆಟ್ ಎತ್ತಿ, ಬಿಳಿ ಪೇಂಟಿನಲ್ಲಿ, ಡಬ್ಬಿಯ ಆ ಪುಟ್ಟ ಮುಚ್ಚಳದ ಮೇಲೆ ಹಿಡಿಸುವಷ್ಟೇ ಸಣ್ಣಕ್ಷರದಲ್ಲಿ ಬರೆದ: ದ್ಯಾವಯ್ಯನ್ನ ಕೇಳಿ.