ಪ್ರಕಟಣೆ ಓದುತ್ತಿದ್ದ ಮಾವ

ಮಾವ ಕೈಗಡಿಯಾರವನ್ನು ಅಂಗೈ ಕಡೆಗೆ ಮುಖ ಮಾಡಿ ಕಟ್ಟುತ್ತಿದ್ದರು. ಅದು ಕೂತು ಕೂತು ಎಡ ಮಣಿಕಟ್ಟಿನ ಒಳಗಿನ ಚರ್ಮ ಬೆಳ್ಳಗಾಗಿ, ನೆನೆಹಾಕಿದ ಅವರೆಕಾಳಿನ ಸಿಪ್ಪೆಯಂತೆ ಸುಕ್ಕಾಗಿತ್ತು. ಪ್ರಕಟಣೆಯ ಕಾಗದ ಹಿಡಿದಾಗ ಕೈ ತಿರುಗಿಸದೆಯೇ ಗಂಟೆ ಕಾಣಲಿ ಎಂದು ಈ ಉಪಾಯ.

ಹಾಸನದ ನಮ್ಮ ಚರ್ಚಿನಲ್ಲಿ ಪ್ರತಿ ಭಾನುವಾರ ಸಭಾಪಾಲಕರ ಪ್ರಸಂಗ ಮುಗಿದ ಮೇಲೆ ಪ್ರಕಟಣೆ ಓದುತ್ತಿದ್ದವರು ಅವರು. ನನ್ನ ಅಮ್ಮನ ಸ್ವಂತ ಅಣ್ಣ. ಗೊರೂರಿನ ನೀರಾವರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಯಾರ ಮದುವೆ, ಯಾರ ಮನೆಯಲ್ಲಿ ಪ್ರಾರ್ಥನಾ ಕೂಟ, ಯಾರು ಆಸ್ಪತ್ರೆಯಲ್ಲಿದ್ದಾರೆ, ಎಲ್ಲವನ್ನೂ ಶನಿವಾರವೇ ದುಂಡಗೆ ಬರೆದಿಟ್ಟುಕೊಳ್ಳುತ್ತಿದ್ದರು. ಕೊನೆಯಲ್ಲಿ ಆಯಾ ಕಾಲಕ್ಕೆ ತಕ್ಕ ಒಂದು ಬುದ್ಧಿಮಾತು. ಈಸ್ಟರಿಗೆ ಮುಂಚಿನ ಉಪವಾಸಕಾಲ ಲೆಂಟ್ ಬಂದರೆ, "ಮಾಂಸ ಬಿಟ್ಟವರು ಚಾಡಿಯನ್ನೂ ಬಿಡತಕ್ಕದ್ದು." ಪರೀಕ್ಷೆ ಬಂದರೆ, "ಓದುವ ಮಕ್ಕಳ ಪಕ್ಕದ ಮನೆಯವರು ಟಿವಿ ಸದ್ದು ಕಡಿಮೆ ಮಾಡುವುದೂ ಪ್ರಾರ್ಥನೆಯೇ." ಕ್ರಿಸ್‌ಮಸ್ಸಿಗೆ ಮುಂಚೆ, "ಸುಣ್ಣ ಬಳಿಯುವವರು ನೆರೆಯವರ ಬಟ್ಟೆ ಒಣಗಿದ ಮೇಲೆ ಬಳಿಯಿರಿ." ನಾವು ಪ್ರಸಂಗ ಮರೆತರೂ ಇದನ್ನು ಮರೆಯುತ್ತಿರಲಿಲ್ಲ.

ಸಮಯದ ವಿಷಯಕ್ಕೆ ಬಂದರೆ ಮಾವ ಕಲ್ಲು. ಏಳಕ್ಕೆ ಕೂಟ ಎಂದು ಓದಿದ್ದರೆ ಏಳಕ್ಕೆ ಕೂಟ. ಬಂದಿರುವವರು ಇಬ್ಬರೇ ಆದರೂ ಕೀರ್ತನೆ ಶುರು. "ಪ್ರಕಟಣೆ ಅಂದ್ರೆ ಪ್ರಕಟಣೆ ಕಣವ್ವಾ, ಬಾಯಿಮಾತಲ್ಲ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಆ ನಗು ಅಜ್ಜಿ ತೀರಿಕೊಂಡ ದಿನ ಸತ್ತುಹೋಯಿತು.

ಅಮ್ಮ ಆಗ ಅರಕಲಗೂಡಿನ ಶಾಲೆಯಲ್ಲಿ ಟೀಚರ್. ಅಲ್ಲೇ ಒಂದು ರೂಮು ಮಾಡಿಕೊಂಡು ಶನಿವಾರ ಹಾಸನಕ್ಕೆ ಬರುತ್ತಿದ್ದಳು. ಅಜ್ಜಿ ಮಾವನ ಮನೆಯಲ್ಲಿದ್ದಳು. ಜ್ವರ ಎಂದು ಮಲಗಿದವಳು ಮೂರನೆಯ ದಿನ ಬೆಳಿಗ್ಗೆ ಹೋಗಿಬಿಟ್ಟಳು. ಸಂಜೆ ನಾಲ್ಕಕ್ಕೆ ಸಮಾಧಿ ಎಂದು ಮಾವ ಚರ್ಚಿನ ಹಲಗೆಯ ಮೇಲೆ ಬರೆಸಿದರು. ಅಮ್ಮನಿಗೆ ಪರೀಕ್ಷೆಯ ಡ್ಯೂಟಿ. ಬೇರೆಯವರು ಬಂದು ಬಿಡಿಸಿಕೊಳ್ಳುವಷ್ಟರಲ್ಲಿ ಮಧ್ಯಾಹ್ನವಾಯಿತು. ಹತ್ತಿದ ಬಸ್ಸು ಗೊರೂರು ದಾಟಿ ಕೆಟ್ಟು ನಿಂತಿತು. "ಬರ್ತಾ ಇದೀನಿ, ಕಾಯ್ತಿರು ಅಣ್ಣಾ" ಎಂದು ಫೋನು ಮಾಡಿದಳು. "ಆಗ್ಲಿ" ಎಂದರು ಮಾವ.

ನಾಲ್ಕು ಗಂಟೆಗೆ ಪೆಟ್ಟಿಗೆಯ ಮುಚ್ಚಳ ಹಾಕಿಸಿದರು. ನಾನು ಅಲ್ಲೇ ನಿಂತಿದ್ದೆ. ಅಮ್ಮ ಇನ್ನೂ ಬಂದಿಲ್ಲ ಎಂದು ಕಿರುಚಬೇಕಿತ್ತು. ಅಮ್ಮ ನಾಲ್ಕೂವರೆಗೆ ಓಡುತ್ತಾ ಬಂದಾಗ ಗುಂಡಿಗೆ ಕೊನೆಯ ಮಣ್ಣು ಬೀಳುತ್ತಿತ್ತು. ಅವಳು ಅಳಲಿಲ್ಲ. ಅಣ್ಣನನ್ನೊಮ್ಮೆ ನೋಡಿ ತಿರುಗಿ ನಡೆದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಒಂದೇ ಚರ್ಚು, ಒಂದೇ ಆರಾಧನೆ. ಅವರು ಗಂಡಸರ ಕಡೆ, ಇವಳು ಹೆಂಗಸರ ಕಡೆ. ಹದಿನಾಲ್ಕು ವರ್ಷ ಹೀಗೇ ಹೋಯಿತು. ಸಭೆಗೆ ಅದು ಅಭ್ಯಾಸವಾಗಿಹೋಯಿತು, ನನಗೂ.

ನಮ್ಮಲ್ಲಿ ತಿಂಗಳಿಗೊಮ್ಮೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನವಿರುತ್ತದೆ. ಅದಿರುವ ಭಾನುವಾರಕ್ಕೆ ಒಂದು ವಾರ ಮೊದಲೇ ಒಂದು ಸಾಲು ಓದುವ ಪದ್ಧತಿಯಿದೆ. "ಮುಂದಿನ ಭಾನುವಾರ ಕರ್ತನ ಭೋಜನವಿರುತ್ತದೆ. ಮನಸ್ತಾಪ ಇರುವವರು ಸಮಾಧಾನ ಮಾಡಿಕೊಂಡು ಬನ್ನಿ." ತಿಂಗಳು ತಿಂಗಳೂ ಮಾವ ಇದನ್ನು ಓದುತ್ತಿದ್ದರು. ತಿಂಗಳು ತಿಂಗಳೂ ಅಮ್ಮ ಕೇಳಿಸಿಕೊಳ್ಳುತ್ತಿದ್ದಳು.

ಹೋದ ವರ್ಷ, ಈಸ್ಟರಿಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರ. ಮಕ್ಕಳ ಕೈಯಲ್ಲಿ ಗರಿ, ಎಲ್ಲರ ಮುಖದಲ್ಲೂ ಹಬ್ಬದ ಕಳೆ. ಮಾವ ಆ ಸಾಲು ಓದಿದರು. ಓದಿ ಕಾಗದ ಮಡಚಿದರು. ಇಳಿಯಲಿಲ್ಲ.

"ಅಯ್ನೋರೇ, ಇನ್ನೊಂದು ಮಾತದೆ" ಎಂದರು ಸಭಾಪಾಲಕರ ಕಡೆ ತಿರುಗಿ. "ಈ ಸಾಲ್ನ ಇಷ್ಟು ವರ್ಷ ನಾನೇ ಓದ್ಬುಟ್ಟೆ, ಅದ್ರಂಗೆ ನಾನೇ ನಡೀನಿಲ್ಲ. ನಮ್ಮವ್ವನ್ನ ಮಣ್ಣು ಮಾಡಿದ ದಿನದಿಂದ ನಾನು ರೊಟ್ಟಿ ಮುಟ್ಟಿಲ್ಲ, ಪಾತ್ರೆ ಮುಟ್ಟಿಲ್ಲ. ಯಾರೂ ಕೇಳ್ನಿಲ್ಲ, ನಾನೂ ಹೇಳ್ನಿಲ್ಲ."

ಭೋಜನದ ಹೊತ್ತಿಗೆ ಮಾವ ಯಾವಾಗಲೂ ಹಿಂದಿನ ಬಾಗಿಲ ಬಳಿ ಮೈಕಿನ ಪೆಟ್ಟಿಗೆಯ ಮುಂದೆ ಬಗ್ಗಿರುತ್ತಿದ್ದರು. ಪಾಪ, ಕೆಲಸದಲ್ಲಿದ್ದಾರೆ, ಕೊನೆಗೆ ತೆಗೆದುಕೊಳ್ಳುತ್ತಾರೆ ಎಂದುಕೊಂಡಿದ್ದೆವು. ಹದಿನಾಲ್ಕು ವರ್ಷ ಒಬ್ಬ ಮನುಷ್ಯ ನಮ್ಮ ನಡುವೆಯೇ ಉಪವಾಸ ಕೂತಿದ್ದ, ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಮಾವ ಇಳಿದು ನೇರ ಹೆಂಗಸರ ಸಾಲಿಗೆ ಬಂದು ಅಮ್ಮನ ಮುಂದೆ ನಿಂತರು. "ಪುಟ್ಟೀ, ನಾಲ್ಕು ಅಂತ ಬರೆಸ್ಬುಟ್ಟಿದ್ದೆ ಅಂತ ನಾಲ್ಕಕ್ಕೇ ಮುಚ್ಚಿಸ್ಬುಟ್ಟೆ. ಅವ್ವನ ಮೊಖ ನಿಂಗೆ ತೋರಿಸ್ನಿಲ್ಲ. ತಪ್ಪಾಯ್ತು ಕಣವ್ವಾ."

ಅಮ್ಮ ತಲೆ ಎತ್ತಲಿಲ್ಲ. ಸಭಾಪಾಲಕರು ಕೀರ್ತನೆಯ ನಂಬರು ಹೇಳಿದರು.

ಮನೆಗೆ ಬಂದ ಮೇಲೆ ಅಮ್ಮ ಸಿಡಿದಳು. "ಅವ್ನಿಗೆ ಅದು ಬುಟ್ರೆ ಇನ್ನೇನ್ ಬತ್ತದೆ? ಮಾಡಿದ ತಪ್ಪನ್ನೂ ಪ್ರಕಟಣೆ ಮಾಡ್ಬುಟ್ಟ!" ಆಮೇಲೆ ಅನ್ನಕ್ಕೆ ಕೈಯಿಟ್ಟವಳು ಹಾಗೇ ಕೂತುಬಿಟ್ಟಳು. "ಅವ್ನು ತಿನ್ನಲೇ ಇಲ್ವಂತಲ್ಲೇ. ನಾನು ತಿಂಗಳು ತಿಂಗಳೂ ಹೋಗಿ ತಿಂದು ಬಂದ್ನಲ್ಲ." ಅವಳ ಪಕ್ಕದಲ್ಲೇ ಮೊಣಕಾಲೂರಿ ನಾನೂ ತಿಂದಿದ್ದೆ.

ಈಸ್ಟರ್ ಬೆಳಿಗ್ಗೆ ನಮ್ಮ ಸಾಲು ಏಳುವ ಸರದಿ ಬಂದಾಗ ಅಮ್ಮ ಏಳಲಿಲ್ಲ. ಅವಳನ್ನು ಬಿಟ್ಟು ಹೋಗಲು ನನಗೂ ಕಾಲು ಬರಲಿಲ್ಲ. ಕೊನೆಯ ಸಾಲೂ ಹೋಗಿ ಬಂತು. ಸಭಾಪಾಲಕರು ತಟ್ಟೆ ಹಿಡಿದು ಕಾಯುತ್ತಿದ್ದರು. ಆಗ ಅಮ್ಮ ಎದ್ದಳು. ಮುಂದಕ್ಕಲ್ಲ, ಹಿಂದಕ್ಕೆ, ಮೈಕಿನ ಪೆಟ್ಟಿಗೆಯ ಹತ್ತಿರ ಹೋದಳು. ಏನಾಗುವುದೋ ಎಂದು ನಾನು ಬೆನ್ನಿಗೇ ಓಡಿದೆ.

"ಅವ್ವ ಕೊನೆಗೆ ಏನಂದ್ಲು?" ಎಂದು ಕೇಳಿದಳು. ಹದಿನಾಲ್ಕು ವರ್ಷದಲ್ಲಿ ಅಣ್ಣನ ಜೊತೆ ಆಡಿದ ಮೊದಲ ಮಾತು ಅದು.

ಮಾವ ಮೈಕಿನ ಪೆಟ್ಟಿಗೆ ಬಿಟ್ಟು ಎದ್ದು ನಿಂತರು. "ನಿನ್ನೇ ಕೇಳ್ತಿದ್ಲು ಕಣವ್ವಾ. ಪುಟ್ಟಿ ಬಂದ್ಲಾ, ಪುಟ್ಟಿ ಬಂದ್ಲಾ ಅಂತ. ಬತ್ತಾಳೆ, ಬರಗಂಟ ಕಾಯ್ತೀನಿ ಅಂತ ಮಾತು ಕೊಟ್ಟಿದ್ದೆ. ಕೊಟ್ಟೂ ಕಾಯ್ನಿಲ್ಲ. ಆಮೇಲೆ ಯಾವ ಮೊಖ ಇಟ್ಕೊಂಡು ರೊಟ್ಟಿಗೆ ಕೈಯೊಡ್ಲಿ?"

ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮರುಕ್ಷಣ ಮುಷ್ಟಿ ಕಟ್ಟಿ ಅಣ್ಣನ ಎದೆಗೆ ಗುದ್ದಿದಳು, ಒಂದಲ್ಲ, ಎರಡಲ್ಲ, ಎಲ್ಲರ ಕಣ್ಣೆದುರಿಗೇ. ಅವರು ಹಿಂದೆ ಸರಿಯಲಿಲ್ಲ. ಆಮೇಲೆ ಅವರ ಅಂಗಿಯ ತೋಳು ಹಿಡಿದು ಮುಂದಕ್ಕೆ ಎಳೆದುಕೊಂಡು ಹೋದಳು. ವೇದಿಯ ಕಟಕಟೆಯ ಮುಂದೆ ಮೊಣಕಾಲೂರಿದರೂ ಮಾವನ ಕೈ ಮೇಲೇಳಲಿಲ್ಲ. ಅಮ್ಮ ಆ ಕೈಯನ್ನು ಹಿಡಿದೆತ್ತಿ ಸಭಾಪಾಲಕರ ಮುಂದೆ ಒಡ್ಡಿದಳು.

ಮಳೆಗಾಲದಲ್ಲಿ ಮಾವ ಹೋದರು. ಹೃದಯ ಸೋತಿದೆ ಎಂದು ಡಾಕ್ಟರು ಗರಿಗಳ ಭಾನುವಾರಕ್ಕೆ ಮೊದಲೇ ಹೇಳಿದ್ದರಂತೆ, ನಮಗೆ ಯಾರಿಗೂ ಗೊತ್ತಿರಲಿಲ್ಲ. ಕೊನೆಯ ಎರಡು ವಾರ ಅಮ್ಮ ಅವರ ಮಂಚ ಬಿಟ್ಟು ಏಳಲಿಲ್ಲ. ಬಾಯಿಗೆ ಗಂಜಿ ಹಾಕಿದವಳು ಅವಳೇ, ಕಣ್ಣು ಮುಚ್ಚಿಸಿದವಳೂ ಅವಳೇ.

ಪ್ರಕಟಣೆ ಓದುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಮೊದಲ ಸಲ ಆ ಸಾಲಿಗೆ ಬಂದಾಗ "ಮನಸ್ತಾಪ ಇರುವವರು" ಎಂಬಲ್ಲಿಗೆ ನನ್ನ ಓದು ನಿಂತಿತು. ಚನ್ನರಾಯಪಟ್ಟಣದಲ್ಲಿ ನನ್ನ ನಾದಿನಿ ಇದ್ದಾಳೆ. ಅವಳ ಮಗನ ಲಗ್ನಪತ್ರಿಕೆಯಲ್ಲಿ ನನ್ನ ಹೆಸರು ಬಿಟ್ಟಳೆಂದು ಮೂರು ವರ್ಷದಿಂದ ಅವಳ ಫೋನು ಎತ್ತಿಲ್ಲ. ಅಮ್ಮನ ಬಗ್ಗೆ, ಮಾವನ ಬಗ್ಗೆ ಅಷ್ಟೆಲ್ಲ ಕಣ್ಣೀರು ಹಾಕಿದ ನನಗೆ ಇದು ಒಂದು ದಿನವೂ ಹೊಳೆದಿರಲಿಲ್ಲವಲ್ಲ ಎಂದು ಮೈಕಿನ ಮುಂದೆಯೇ ದಂಗಾಗಿ ನಿಂತೆ. ಸಭೆ ಕಾಯುತ್ತಿತ್ತು. ಹೇಗೋ ಸಾಲು ಮುಗಿಸಿ ಇಳಿದೆ. ಆರಾಧನೆ ಮುಗಿದದ್ದೇ, ಊಟಕ್ಕೂ ಮನೆಗೆ ಹೋಗದೆ, ಚನ್ನರಾಯಪಟ್ಟಣದ ಬಸ್ಸು ಹತ್ತಿದೆ.